ಬ್ಯಾಟ್ ಮೇಲೆ ಐಟಿಟಿಎಫ್ ಮುದ್ರೆ ಇಲ್ಲ ಅಂತ ಮಗಳ ಬ್ಯಾಟ್ ಬೇಡ ಅಂದರು. ಯಾರು ಇವರು?

ಮಂಡ್ಯದ_ಅಪ್ಪ

ಎಲ್ಲರಿಗೂ ನಮಸ್ಕಾರ. ಮಗಳಿಗೆ 12 ವರ್ಷ, ಟೇಬಲ್ ಟೆನಿಸ್ (ಟಿಟಿ) ಆಡುತ್ತಾಳೆ. ಮೊನ್ನೆ ಒಂದು ಟೂರ್ನಮೆಂಟಿನಲ್ಲಿ ಮೊದಲ ಮ್ಯಾಚಿಗೆ ನಿಲ್ಲುವ ಹೊತ್ತಿಗೆ ಅಂಪೈರ್ ಅವಳ ಬ್ಯಾಟ್ ಹಿಂದೆ ಮುಂದೆ ತಿರುಗಿಸಿ ನೋಡಿ, ಹಿಡಿ ಹತ್ತಿರ ಐಟಿಟಿಎಫ್ (ಅಂತರರಾಷ್ಟ್ರೀಯ ಟೇಬಲ್ ಟೆನಿಸ್ ಫೆಡರೇಷನ್) ಮುದ್ರೆ ಕಾಣಿಸುತ್ತಿಲ್ಲ, ಇದರಲ್ಲಿ ಆಡುವ ಹಾಗಿಲ್ಲ ಅಂದುಬಿಟ್ಟರು. ರಬ್ಬರ್ ಒಳ್ಳೆ ಕಂಪನಿಯದ್ದೇ. ಅಂಗಡಿಯವನು ಶೀಟನ್ನು ಉಲ್ಟಾ ಇಟ್ಟು ಕತ್ತರಿಸಿದ್ದಾನೆ, ಮುದ್ರೆ ಇದ್ದ ಭಾಗ ಕಸದ ಬುಟ್ಟಿಗೆ ಹೋಗಿದೆ, ಅಷ್ಟೇ. ಯಾರದ್ದೋ ಬ್ಯಾಟ್ ಇಸ್ಕೊಂಡು ಆಡಿದಳು, ಸೋತಳು, ಬರುವಾಗ ಬಸ್ಸಿನಲ್ಲಿ ಒಂದು ಮಾತೂ ಆಡಲಿಲ್ಲ.

ನನ್ನ ಪ್ರಶ್ನೆ: ಎಲ್ಲೋ ಸ್ವಿಟ್ಜರ್ಲೆಂಡಿನಲ್ಲಿ ಕೂತವರ ಮುದ್ರೆ ಮಂಡ್ಯದ ಹುಡುಗಿಯ ಬ್ಯಾಟ್ ಮೇಲೆ ಯಾಕೆ ಬೇಕು? ಈ ಐಟಿಟಿಎಫ್ ನಿಜವಾಗಿ ಏನು ಮಾಡುತ್ತದೆ?

ಲೆಟ್_ಸರ್ವೀಸ್

ಬೇಜಾರಾಗುತ್ತೆ, ಆದರೆ ಅಂಪೈರ್ ಮಾಡಿದ್ದು ಸರಿ ಸರ್. ನಾನೂ ಅಂಪೈರಿಂಗ್ ಮಾಡುತ್ತೇನೆ. ನಿಯಮದಲ್ಲೇ ಇದೆ: ರಬ್ಬರ್ ಐಟಿಟಿಎಫ್ ಒಪ್ಪಿದ್ದಾಗಿರಬೇಕು, ಮುದ್ರೆ ಮತ್ತು ಹೆಸರು ಹಿಡಿ ಹತ್ತಿರ ಕಾಣುವ ಹಾಗೆ ಅಂಟಿಸಿರಬೇಕು.

ಒಂದು ತಮಾಷೆ ನೋಡಿ. ಬ್ಯಾಟಿನ ಗಾತ್ರ, ಆಕಾರ, ತೂಕ ಏನು ಬೇಕಾದರೂ ಇರಬಹುದು. ಮೊರದ ಥರ ದೊಡ್ಡದು ತಂದರೂ ನಾನು ಬೇಡ ಅನ್ನೋ ಹಾಗಿಲ್ಲ, ಹಲಗೆ ಚಪ್ಪಟೆಯಾಗಿ ಗಟ್ಟಿಯಾಗಿದ್ದು, ದಪ್ಪದಲ್ಲಿ ಕನಿಷ್ಠ 85% ನಿಜವಾದ ಮರ ಇದ್ದರೆ ಸಾಕು. ಆದರೆ ರಬ್ಬರಿಗೆ ಬಂದರೆ ಕೂದಲು ಸೀಳುವ ನಿಯಮ. ಸ್ಪಂಜು, ಗೋಂದು ಎಲ್ಲ ಸೇರಿ 4 ಮಿಲಿಮೀಟರ್ ದಾಟಬಾರದು. ಯಾಕೆಂದರೆ ಆಟ ಇರುವುದೇ ಅಲ್ಲಿ. ಚೆಂಡು ತಿರುಗುವುದು, ಹಾರುವುದು, ಸತ್ತು ಬೀಳುವುದು ಎಲ್ಲ ರಬ್ಬರಿನ ಕೆಲಸ. ನಾನು ಕೈಯಲ್ಲಿ ಮುಟ್ಟಿ ನೋಡಿ ಇದು ಯಾವ ರಬ್ಬರ್ ಅಂತ ಹೇಳೋಕಾಗಲ್ಲ, ಎದುರಾಳಿಗೂ ಆಗಲ್ಲ. ಮುದ್ರೆಯ ಪಕ್ಕದ ನಂಬರ್ ನೋಡಿದರೆ ಗೊತ್ತಾಗುತ್ತೆ. ಮ್ಯಾಚಿಗೆ ಮುಂಚೆ ಇಬ್ಬರೂ ಬ್ಯಾಟ್ ಬದಲಿಸಿಕೊಂಡು ನೋಡುವುದು ಅದಕ್ಕೇ.

ಹಳೇ_ಸ್ಕೋರ್‌ಶೀಟ್

ಈ ಮುದ್ರೆ ಹಿಂದೆ ದೊಡ್ಡ ಕಥೆ ಇದೆ, ಅದೂ ನಮ್ಮ ದೇಶದಲ್ಲಿ ಶುರುವಾದದ್ದು. 1952ರಲ್ಲಿ ವಿಶ್ವ ಚಾಂಪಿಯನ್‌ಶಿಪ್ ಮೊದಲ ಸಲ ಏಷ್ಯಾಕ್ಕೆ ಬಂತು, ನಡೆದದ್ದು ಬಾಂಬೆಯಲ್ಲಿ. ಆಗ ಎಲ್ಲರ ಬ್ಯಾಟಿಗೂ ಬರೀ ಚುಕ್ಕಿ ಚುಕ್ಕಿ ರಬ್ಬರ್, ಹೊಡೆದರೆ ಟಕ್ ಅಂತ ಸದ್ದು, ಆ ಸದ್ದು ಕೇಳಿಯೇ ಎಷ್ಟು ಜೋರಾಗಿ ಬರುತ್ತಿದೆ ಅಂತ ಅಂದಾಜು ಮಾಡುತ್ತಿದ್ದರು. ಜಪಾನಿನ ಹಿರೋಜಿ ಸಾಟೋ, ಕನ್ನಡಕ ಹಾಕಿದ ಸಣಕಲು ಮನುಷ್ಯ, ದಪ್ಪ ಸ್ಪಂಜು ಮೆತ್ತಿದ ಬ್ಯಾಟ್ ಹಿಡಿದು ಬಂದ. ಚೆಂಡು ಸದ್ದೇ ಇಲ್ಲದೆ ಬರುತ್ತಿತ್ತು, ಬಂದ ಮೇಲೆ ಎತ್ತ ಹೋಗುತ್ತೋ ಗೊತ್ತಿಲ್ಲ. ಯುರೋಪಿನ ಘಟಾನುಘಟಿಗಳು ಕಕ್ಕಾಬಿಕ್ಕಿ. ಅವನೇ ಚಾಂಪಿಯನ್ ಆದ.

ಆಮೇಲೆ ಜಗಳ ಶುರು. ಸ್ಪಂಜು ಬೇಕೇ ಬೇಡವೇ ಅಂತ ಐಟಿಟಿಎಫ್ ವರ್ಷಗಟ್ಟಲೆ ಎಳೆದಾಡಿ ಕೊನೆಗೆ 1959ರಲ್ಲಿ ಬ್ಯಾಟಿಗೆ ಒಂದು ಅಳತೆ ಕಟ್ಟಿತು. ಬರೀ ಸ್ಪಂಜು ಬೇಡ, ರಬ್ಬರ್ ಜೊತೆ ಅಂಟಿಸಿದ್ದು ಓಕೆ. ನಿಮ್ಮ ಮಗಳ ಬ್ಯಾಟ್ ಅಲ್ಲಿಂದಲೇ ಬಂದದ್ದು.

ಸಂಸ್ಥೆ ಹುಟ್ಟಿದ್ದು 1926ರಲ್ಲಿ. ಜನವರಿಯಲ್ಲಿ ಬರ್ಲಿನ್‌ನಲ್ಲಿ ಮಾತುಕತೆ, ಡಿಸೆಂಬರ್‌ನಲ್ಲಿ ಲಂಡನ್ನಿನಲ್ಲಿ ಮೊದಲ ಚಾಂಪಿಯನ್‌ಶಿಪ್. ಸ್ಥಾಪಕ ದೇಶಗಳಲ್ಲಿ ಭಾರತವೂ ಒಂದು, ಸ್ವಾತಂತ್ರ್ಯಕ್ಕೆ 21 ವರ್ಷ ಮುಂಚೆ! ಮೊದಲ ಅಧ್ಯಕ್ಷ ಐವರ್ ಮಾಂಟೆಗು. ಶ್ರೀಮಂತ ಲಾರ್ಡ್ ಮನೆತನದ ಹುಡುಗ, ಆದರೆ ಪಕ್ಕಾ ಕಮ್ಯುನಿಸ್ಟ್, ಜೊತೆಗೆ ಸಿನಿಮಾದವನು. ಆಗ ಅವನಿಗೆ 22 ವರ್ಷ. ಕುರ್ಚಿ ಬಿಟ್ಟದ್ದು 1967ರಲ್ಲಿ. ಪುರುಷರ ತಂಡ ಗೆಲ್ಲುವ ಸ್ವೇತ್ಲಿಂಗ್ ಕಪ್ ಇದೆಯಲ್ಲ, ಅದು ಅವನ ತಾಯಿ ಕೊಟ್ಟದ್ದು.

ನೆಟ್_ಬಾಲ್

ಪ್ರಾಗ್ ಕಥೆ ಬಿಟ್ಟಿರಿ. 1936ರ ಚಾಂಪಿಯನ್‌ಶಿಪ್‌ನಲ್ಲಿ ಪೋಲೆಂಡಿನ ಎರ್ಲಿಚ್, ರೊಮೇನಿಯಾದ ಪಾನೆತ್ ಇಬ್ಬರೂ ಸುಮ್ನೆ ತಳ್ಳುತ್ತಾ ತಳ್ಳುತ್ತಾ ಮೊದಲ ಒಂದೇ ಪಾಯಿಂಟ್ ಎರಡು ಗಂಟೆ ದಾಟಿತು. ಅಂಪೈರ್ ಕುತ್ತಿಗೆ ಹಿಡಿದುಕೊಂಡು ಬೇರೆಯವರನ್ನು ಕೂರಿಸಬೇಕಾಯಿತು ಅಂತಲೂ ಹೇಳುತ್ತಾರೆ. ಆಮೇಲೆ ನೆಟ್ ತಗ್ಗಿಸಿದರು, ಟೈಮ್ ಲಿಮಿಟ್ ತಂದರು. ಈಗ ಗೇಮ್ 10 ನಿಮಿಷ ದಾಟಿದರೆ, ಅಷ್ಟರಲ್ಲಿ ಇಬ್ಬರದ್ದೂ ಸೇರಿ 18 ಪಾಯಿಂಟ್ ಆಗಿರದಿದ್ದರೆ, ಆಟ ಬೇಗ ಮುಗಿಸುವ ಎಕ್ಸ್‌ಪಿಡೈಟ್ ನಿಯಮ ಶುರು. ಸರ್ವೀಸ್ ಮಾಡಿದವನು ಬೇಗ ಮುಗಿಸಬೇಕು, ಎದುರಾಳಿ 13 ಸಲ ವಾಪಸ್ ಕಳಿಸಿದರೆ ಪಾಯಿಂಟ್ ಅವನಿಗೇ.

ಸ್ಪಿನ್_ಮಾಸ್ತರ

ಚರಿತ್ರೆ ಚೆನ್ನಾಗಿದೆ, ಆದರೆ ಇವರನ್ನು ಅಷ್ಟೊಂದು ಹೊಗಳಬೇಡಿ. 2000ದಿಂದ ಈಚೆಗೆ ಏನೆಲ್ಲ ಬದಲಿಸಿದರು ನೋಡಿ. ಸಿಡ್ನಿ ಒಲಿಂಪಿಕ್ಸ್ ಮುಗಿದ ತಕ್ಷಣ ಚೆಂಡು 38 ಮಿಲಿಮೀಟರ್‌ನಿಂದ 40ಕ್ಕೆ. 2001ರಲ್ಲಿ 21 ಪಾಯಿಂಟಿನ ಗೇಮ್ 11ಕ್ಕೆ. ಮರುವರ್ಷ ಸರ್ವೀಸ್ ಮಾಡುವಾಗ ಚೆಂಡು ಮುಚ್ಚಿಡಬಾರದು ಅಂತ. 2008ರಲ್ಲಿ ಸ್ಪೀಡ್ ಗ್ಲೂ, ಅಂದರೆ ರಬ್ಬರ್ ಚುರುಕಾಗಲು ಬಳಿಯುವ ಗೋಂದು, ಬಂದ್. 2014ರಲ್ಲಿ ಸೆಲ್ಯುಲಾಯ್ಡ್ ಹೋಗಿ ಪ್ಲಾಸ್ಟಿಕ್ ಚೆಂಡು. ಸ್ಪೀಡ್ ಗ್ಲೂ ನಿಲ್ಲಿಸಿದ್ದು ಒಪ್ಪುತ್ತೇನೆ, ಆ ವಾಸನೆ ಕುಡಿದು ಬೆಳೆದವನು ನಾನು, ಮ್ಯಾಚಿಗೆ ಮುಂಚೆ ಕ್ಲಬ್ಬಿನ ಮೂಲೆಯಲ್ಲಿ ಕೂತು ಪದರ ಪದರವಾಗಿ ಬಳಿಯುತ್ತಿದ್ದೆವು, ತಲೆ ಗಿರ್ ಅನ್ನುತ್ತಿತ್ತು. ಆದರೆ 21 ಪಾಯಿಂಟ್ ತೆಗೆದದ್ದಕ್ಕೆ ನನಗೆ ಇವತ್ತಿಗೂ ಸಿಟ್ಟಿದೆ. 12-19ರಿಂದ ಎದ್ದು ಬಂದು ಗೆಲ್ಲುವ ಮಜಾ 11ರಲ್ಲಿ ಎಲ್ಲಿದೆ? ಟಿವಿಗೆ ಬೇಕಂತೆ.

ಈಗ ಡಬ್ಲ್ಯುಟಿಟಿ (ವರ್ಲ್ಡ್ ಟೇಬಲ್ ಟೆನಿಸ್) ಅಂತ ಒಂದು ಕಂಪನಿ ಕಟ್ಟಿ ಟೂರ್ನಿ ನಡೆಸುತ್ತಾರೆ. ಬರಬೇಕಾದ ಆಟಗಾರ ಬರದಿದ್ದರೆ ದಂಡ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸಿಂಗಲ್ಸ್ ಚಿನ್ನ ಗೆದ್ದ ಚೀನಾದ ಫಾನ್ ಝೆಂಡಾಂಗ್, ಚೆನ್ ಮೆಂಗ್ ಇಬ್ಬರೂ ಅದೇ ವರ್ಷ ಡಿಸೆಂಬರ್‌ನಲ್ಲಿ ರ‍್ಯಾಂಕಿಂಗೇ ಬೇಡ ಅಂತ ಹೊರಬಂದರು. 2025ರ ಮೇ ತಿಂಗಳಲ್ಲಿ ದೋಹಾದಲ್ಲಿ ಐಟಿಟಿಎಫ್ ಅಧ್ಯಕ್ಷರ ಚುನಾವಣೆ ನಡೆಯಿತು, ಸ್ವೀಡನ್ನಿನ ಪೆಟ್ರಾ ಸೋರ್ಲಿಂಗ್ 104-102ರಲ್ಲಿ ಗೆದ್ದರು. ಆನ್‌ಲೈನ್ ಮತದ ಬಗ್ಗೆ ಸೋತವರ ಕಡೆಯವರು ಗಲಾಟೆ ಎಬ್ಬಿಸಿ ಸಭೆಯೇ ಅರ್ಧಕ್ಕೆ ನಿಂತಿತು. ನಮ್ಮೂರ ಸೊಸೈಟಿ ಎಲೆಕ್ಷನ್ನೇ ವಾಸಿ.

ಹಳೇ_ಸ್ಕೋರ್‌ಶೀಟ್

ಮಾಸ್ತರೇ, ದುಡ್ಡಿನ ವಿಷಯ ಒಪ್ಪಿದೆ. ಆದರೆ ಇವರು ಮಾಡಿದ ಒಂದು ಕೆಲಸ ಬೇರೆ ಯಾವ ಆಟದವರೂ ಅಷ್ಟು ಚೆನ್ನಾಗಿ ಮಾಡಿಲ್ಲ. ಮಾಂಟೆಗು ಕಾಲದಲ್ಲಿ ಸದಸ್ಯರು ದೇಶಗಳಲ್ಲ, ಸಂಘಗಳು ಅಂತ ಲೆಕ್ಕ. ಹಾಗಾಗಿ ಬೇರೆ ಕಡೆ ಬಾಗಿಲು ಮುಚ್ಚಿದ್ದ ಕಮ್ಯುನಿಸ್ಟ್ ಚೀನಾ 1953ರಲ್ಲೇ ಇಲ್ಲಿ ಆಡಿತು. 1971ರಲ್ಲಿ ನಗೋಯಾದಲ್ಲಿ ಅಮೆರಿಕದ ಹುಡುಗ ಚೀನಾ ತಂಡದ ಬಸ್ ಹತ್ತಿದ್ದು, ಆ ಸ್ನೇಹದಿಂದ ದಾರಿ ತೆರೆದು ಆಮೇಲೆ ಅಮೆರಿಕದ ಅಧ್ಯಕ್ಷ ನಿಕ್ಸನ್ ಬೀಜಿಂಗಿಗೆ ಹೋದದ್ದು ಎಲ್ಲರಿಗೂ ಗೊತ್ತು.

ನನಗೆ ಅದಕ್ಕಿಂತ ಇಷ್ಟ 1991. ಆಗ ಅಧ್ಯಕ್ಷ ಜಪಾನಿನ ಇಚಿರೋ ಒಗಿಮುರಾ, ತಾನೇ ಮಾಜಿ ವಿಶ್ವ ಚಾಂಪಿಯನ್. ಎರಡೂ ಕೊರಿಯಾಗಳಿಗೆ ಮತ್ತೆ ಮತ್ತೆ ಓಡಾಡಿ, ಒಪ್ಪಿಸಿ, ಚಿಬಾದಲ್ಲಿ ಒಂದೇ ತಂಡ ಇಳಿಸಿದ. ಉತ್ತರದ ಲಿ ಬುನ್-ಹುಯಿ, ದಕ್ಷಿಣದ ಹ್ಯುನ್ ಜಂಗ್-ಹ್ವಾ ಒಟ್ಟಿಗೆ ಆಡಿ ಚೀನಾವನ್ನು ಸೋಲಿಸಿ ಮಹಿಳೆಯರ ತಂಡ ಚಿನ್ನ ಗೆದ್ದಿತು. 2018ರಲ್ಲಿ ಸ್ವೀಡನ್ನಿನ ಹಾಲ್ಮ್‌ಸ್ಟಾಡ್‌ನಲ್ಲಿ ಇನ್ನೂ ಮಜಾ. ಕ್ವಾರ್ಟರ್ ಫೈನಲ್‌ನಲ್ಲಿ ಎರಡೂ ಕೊರಿಯಾ ಎದುರಾಳಿ. ಆಡುವ ಬದಲು ಎರಡೂ ಸೇರಿ ಒಂದೇ ತಂಡವಾಗಿ ಸೀದಾ ಸೆಮಿಫೈನಲ್‌ಗೆ ಹೋದವು. ರೂಲ್ ಬುಕ್ ಹಿಡಿದು ಕೂತಿದ್ದರೆ ಆಗುತ್ತಿತ್ತಾ?

ಮಂಡ್ಯದ_ಅಪ್ಪ

ಇಷ್ಟೆಲ್ಲ ಇದೆ ಅಂತ ಗೊತ್ತೇ ಇರಲಿಲ್ಲ. ಹಾಗಾದರೆ ಕೊರಿಯಾಕ್ಕೆ ನಿಯಮ ಬಗ್ಗಿಸಬಹುದು, ನನ್ನ ಮಗಳ ಮುದ್ರೆಗೆ ಬಗ್ಗಿಸಲ್ಲ ಅಲ್ವಾ? 😄 ಮಗಳ ಇನ್ನೊಂದು ಪ್ರಶ್ನೆ: ಎರಡು ಬದಿಗೂ ಬೇರೆ ಬಣ್ಣ ಯಾಕೆ? ಅವಳಿಗೆ ಎರಡೂ ನೀಲಿ ಬೇಕಂತೆ.

ಲೆಟ್_ಸರ್ವೀಸ್

ಎರಡೂ ನೀಲಿ ಆಗಲ್ಲ. ಮೊದಲು ಎರಡೂ ಬದಿ ಒಂದೇ ಬಣ್ಣ ಇರಬಹುದಿತ್ತು. ಕೆಲವರು ಒಂದು ಬದಿ ಸ್ಪಿನ್ ರಬ್ಬರ್, ಇನ್ನೊಂದು ಬದಿ ಸ್ಪಿನ್ನೇ ಹಿಡಿಯದ ರಬ್ಬರ್ ಹಾಕಿ, ಟೇಬಲ್ ಕೆಳಗೆ ಬ್ಯಾಟ್ ಗಿರಕಿ ಹೊಡೆಸಿ ಸರ್ವೀಸ್ ಮಾಡುತ್ತಿದ್ದರು. ಯಾವ ಬದಿ ತಗುಲಿತು ಅಂತ ಸದ್ದಿನಲ್ಲೂ ಗೊತ್ತಾಗಬಾರದು ಅಂತ ಕಾಲು ನೆಲಕ್ಕೆ ದಢ್ ಅಂತ ಬಡಿಯುತ್ತಿದ್ದರು. 1980ರ ದಶಕದಲ್ಲಿ ಕೆಂಪು-ಕಪ್ಪು ಕಡ್ಡಾಯ ಆಯಿತು. 2021ರಿಂದ ಒಂದು ಬದಿ ಕಪ್ಪು ಇದ್ದರೆ ಇನ್ನೊಂದು ಬದಿಗೆ ನೀಲಿ, ಹಸಿರು, ಗುಲಾಬಿ, ನೇರಳೆಯೂ ನಡೆಯುತ್ತೆ. ಅವಳಿಗೆ ಒಂದು ನೀಲಿ ಸಿಗುತ್ತೆ.

ಕೊಳ್ಳುವ ಮುಂಚೆ ಐಟಿಟಿಎಫ್ ವೆಬ್‌ಸೈಟಿನಲ್ಲಿ ಒಪ್ಪಿದ ರಬ್ಬರ್‌ಗಳ ಪಟ್ಟಿ ನೋಡಿ, ಅದಕ್ಕೆ ಲಾರ್ಕ್ ಅನ್ನುತ್ತಾರೆ. ಹೆಸರು ಈಗಲೂ ಪಟ್ಟಿಯಲ್ಲಿದೆಯಾ ಅಂತ ಖಚಿತ ಮಾಡಿಕೊಳ್ಳಿ, ಹಳೇ ಸ್ಟಾಕ್ ತಳ್ಳುವವರು ಇದ್ದಾರೆ. ಕತ್ತರಿಸುವಾಗ ಮಾತ್ರ ಪಕ್ಕದಲ್ಲೇ ನಿಂತು, ಮುದ್ರೆ ಹಿಡಿ ಕಡೆಗೇ ಬರಬೇಕು ಅಂತ ಹೇಳಿ.

ಸ್ಪಿನ್_ಮಾಸ್ತರ

ಇನ್ನೊಂದು ಮಾತು, ಆ ಎಣ್ಣೆ ಹಚ್ಚಿ ರಬ್ಬರ್ ಉಬ್ಬಿಸುವ ಬೂಸ್ಟರ್ ಯಾರಾದರೂ ಕೊಟ್ಟರೆ ತಗೋಬೇಡಿ. ಅದೂ ನಿಯಮಕ್ಕೆ ವಿರುದ್ಧ, 12 ವರ್ಷದ ಹುಡುಗಿಗೆ ಅದರ ಅಗತ್ಯವೂ ಇಲ್ಲ.