ಹಿನ್ನೀರಿಗೆ ಹೊರಟವರ ಗಂಟುಮೂಟೆ

"ಜೀನ್ಸ್ ಪ್ಯಾಂಟ್ ತರೋರು ಯಾರೂ ಬರಬೇಡಿ" ಎಂದು ಗುರು ಮೊದಲೇ ಹೇಳಿಬಿಟ್ಟ. ಅವನು ಸಾಗರದ ಕಡೆಯವನು. ಲಿಂಗನಮಕ್ಕಿ ಹಿನ್ನೀರಿನ ಹೊನ್ನೆಮರಡು ಅವನಿಗೆ ಮನೆ ಹಿತ್ತಿಲಿದ್ದ ಹಾಗೆ. ಬೆಂಗಳೂರಿನ ನಮಗೆ ಮಾತ್ರ ಅದು ದೊಡ್ಡ ಪ್ರವಾಸ. ನವೆಂಬರ್‌ನಲ್ಲಿ ಹೋಗೋಣ, ಮಳೆ ನಿಂತಿರುತ್ತದೆ, ನೀರು ತುಂಬಿರುತ್ತದೆ ಎಂದು ತೀರ್ಮಾನವಾಗಿತ್ತು. ಏನೇನು ಕಟ್ಟಿಕೊಳ್ಳಬೇಕು ಅನ್ನೋದಕ್ಕೆ ವಿಶಾಲು ಮನೆಯಲ್ಲಿ ಸಭೆ. ಸಭೆಗೆ ಚೌಚೌ ಭಾತ್ ಇತ್ತು, ಹಾಗಾಗಿ ಹಾಜರಿ ಪೂರ್ತಿ.

"ಜೀನ್ಸ್ ನಿಮಗೇನು ಮಾಡಿತು ಗುರಣ್ಣ?" ಎಂದ ಮಂಜ. ಪದ್ಮಳ ತಮ್ಮ, ಗುಂಪಿಗೆಲ್ಲ ಚಿಕ್ಕವನು.

"ಒಂದು ಸಲ ಒದ್ದೆಯಾದರೆ ಅಲ್ಲಿ ಒಣಗಲ್ಲ ಮಾರಾಯ. ವಾಸನೆ ಹೊಡೆಯೋ ಪ್ಯಾಂಟು ನಿನ್ನ ಬ್ಯಾಗಲ್ಲಿರುತ್ತೆ, ನಿನ್ನ ಬ್ಯಾಗು ನನ್ನ ತಲೆ ಹತ್ತಿರ ಇರುತ್ತೆ. ಪಂಚೆ ತಗೊ."

ಪಂಚೆ ಅಂದದ್ದೇ ತಡ, ರಾಯರು ಎದ್ದು ಕೂತರು. ಬ್ಯಾಂಕಿನಿಂದ ರಿಟೈರ್ ಆದವರು, ಪಟ್ಟಿ ಬರೆಯೋದು ಅವರ ಕೆಲಸ. "ಪಂಚೆಯಂಥ ವಸ್ತು ಇನ್ನೊಂದಿಲ್ಲ. ಉಡಬಹುದು, ಹೊದೆಯಬಹುದು. ಮೈ ಒರೆಸಬಹುದು. ಬಿಸಿಲಿಗೆ ಮುಂಡಾಸು, ಬಟ್ಟೆ ಬದಲಾಯಿಸೋಕೆ ಪರದೆ, ಊಟಕ್ಕೆ ಕೂತರೆ ಚಾಪೆ."

"ಇಷ್ಟೆಲ್ಲಾ ಆದಮೇಲೆ ಅದನ್ನೇ ಉಟ್ಟುಕೊಂಡು ನನ್ನ ಪಕ್ಕ ಊಟಕ್ಕೆ ಕೂರಬೇಡಿ ರಾಯರೇ" ಎಂದಳು ವಿಶಾಲು.

ಮಂಜನಿಗೆ ಪಂಚೆ ಉಡಲು ಬರುವುದಿಲ್ಲ. ಅವನ ಮದುವೆಯಲ್ಲಿ ವೆಲ್ಕ್ರೋ ಅಂಟಿಸಿದ ಪಂಚೆ ತಂದಿದ್ದರು. "ತೆಪ್ಪದಲ್ಲಿ ಕೂತಾಗ ಗಾಳಿ ಬಂದರೆ?" ಎಂದು ಕೇಳಿದ.

"ತೆಪ್ಪ ಒಂದು ಕಡೆ ತಿರುಗುತ್ತೆ, ಪಂಚೆ ಇನ್ನೊಂದು ಕಡೆ" ಎಂದ ಗುರು. "ಒಳಗೆ ಚಡ್ಡಿ ಹಾಕು, ಮೇಲೆ ಬೆಲ್ಟ್ ಕಟ್ಟು."

ಹಾಗಾಗಿ ಪಂಚೆ, ಚಡ್ಡಿ, ಬೆಲ್ಟ್ ಮೂರೂ ಪಟ್ಟಿಗೆ ಬಂದವು. ಬೆಲ್ಟಿಗೆ ಜೋಡಿ ಇರಲಿ ಎಂದು ಮಂಜ ಜೀನ್ಸನ್ನೂ ಸೇರಿಸಿದ. ಸಭೆ ನಡೆದದ್ದೆಲ್ಲ ಹೀಗೇ. ಒಂದು ಸಾಮಾನು ಯಾಕೆ ಬೇಡ ಎಂದು ಗುರು ಒಪ್ಪಿಸುತ್ತಿದ್ದ, ಎಲ್ಲರೂ ತಲೆ ಅಲ್ಲಾಡಿಸುತ್ತಿದ್ದರು, ಸಾಮಾನು ಮಾತ್ರ ಪಟ್ಟಿಯಿಂದ ಕದಲುತ್ತಿರಲಿಲ್ಲ.

ರಾಯರು ದಿನಾ ಪೇಪರಿನಲ್ಲಿ ಜಲಾಶಯದ ಮಟ್ಟ ನೋಡಿಕೊಂಡೇ ಕಾಫಿ ಕುಡಿಯುವವರು. "ಲಿಂಗನಮಕ್ಕಿ ಗರಿಷ್ಠ ಮಟ್ಟ 1,819 ಅಡಿ" ಎಂದು ಶುರು ಮಾಡಿದರು.

"ನಾವು ದಡದಲ್ಲಿ ಕೂರೋಕೆ ಹೋಗ್ತಿರೋದು. ಗೇಟ್ ಎತ್ತೋ ಕೆಲಸ ಬೇರೆಯವರದ್ದು" ಎಂದ ಗುರು.

ರಾಯರಿಗೆ ನಿಜವಾಗಿ ಬೇಕಿದ್ದದ್ದು ಲಾರಿ ಟ್ಯೂಬು. ಈಜು ಬರಲ್ಲ, ಗಾಳಿ ತುಂಬಿದ ಟ್ಯೂಬಿನ ಮೇಲೆ ಕೂತು ತೇಲುತ್ತೇನೆ ಅನ್ನುವ ಆಸೆ. ಗುರುವಿಗೆ ಸಿಟ್ಟೇ ಬಂತು. "ನೀರೊಳಗೆ ಹಳೇ ಕಾಡಿನ ಬೊಡ್ಡೆಗಳಿವೆ. ಟ್ಯೂಬಿಗೆ ತಾಗಿದರೆ ನೀವು ಮುಳುಗ್ತೀರಿ. ಲೈಫ್ ಜಾಕೆಟ್ ಹಾಕಿಕೊಳ್ಳದೆ ನೀರಿಗೆ ಕಾಲಿಡೋ ಹಾಗಿಲ್ಲ." ಸರಿ ಅಂದರು ರಾಯರು. ದಡದಲ್ಲಿಟ್ಟುಕೊಂಡು ಅದರ ಮೇಲೆ ಕೂರುತ್ತಾರಂತೆ. ಟ್ಯೂಬು ಉಳಿಯಿತು.

ಅವರದೇ ಇನ್ನೊಂದು ಬೈನಾಕ್ಯುಲರ್. ಹಿನ್ನೀರಿನಲ್ಲಿ ಮುಳುಗಿರುವ ಹಿರೇಭಾಸ್ಕರ ಅಣೆಕಟ್ಟು ನೋಡಬೇಕಂತೆ. ಲಿಂಗನಮಕ್ಕಿಗಿಂತ ಹಳೆಯದು ಅದು. 1964ರಲ್ಲಿ ಲಿಂಗನಮಕ್ಕಿ ಎದ್ದ ಮೇಲೆ ಹಳೇ ಅಣೆಕಟ್ಟೇ ನೀರಿನಡಿಗೆ ಹೋಯಿತು.

"ಅದು ಕಾಣೋದು ಬೇಸಿಗೆಯಲ್ಲಿ, ನೀರು ಇಳಿದಾಗ" ಎಂದ ಗುರು.

"ಕಾಣದೇ ಇರೋದನ್ನ ನೋಡೋಕೇ ಅಲ್ವಾ ಬೈನಾಕ್ಯುಲರ್ ಇರೋದು?"

ಇದಕ್ಕೆ ಯಾರ ಹತ್ತಿರವೂ ಉತ್ತರ ಇರಲಿಲ್ಲ.

ಪದ್ಮಳದು ಔಷಧಿ ಅಂಗಡಿ. ಅವಳ ಚೀಲ ಅಂದರೆ ಅಂಗಡಿಯ ಸಣ್ಣ ಬ್ರಾಂಚು. ಅವಳ ಭಯವೆಲ್ಲ ಉಂಬಳದ, ಅಂದರೆ ಕಾಡಿನ ಜಿಗಣೆಯ ಮೇಲೆ. "ಕಚ್ಚಿದ್ದು ಗೊತ್ತೇ ಆಗಲ್ಲ. ಅದರ ಜೊಲ್ಲಲ್ಲಿ ಹಿರುಡಿನ್ ಅಂತ ಇರುತ್ತೆ, ರಕ್ತ ಹೆಪ್ಪುಗಟ್ಟೋಕೆ ಬಿಡಲ್ಲ. ಉಂಬಳ ಬಿದ್ದುಹೋದ ಮೇಲೂ ಸೋರ್ತಾನೇ ಇರುತ್ತೆ" ಎಂದು ವಿವರಿಸಿದಳು. ಮಂಜ ಸೋಫಾ ಮೇಲೆ ಕಾಲು ಮಡಚಿ ಕೂತ.

"ಅದು ಮಳೆಗಾಲದ ಕತೆ ಮಾರಾಯ್ತಿ. ನವೆಂಬರಲ್ಲಿ ತುಂಬಾ ಕಡಿಮೆ. ಸಿಕ್ಕರೂ ಒಂದು ಚಿಟಿಕೆ ಉಪ್ಪು ಸಾಕು."

ಪದ್ಮ ಉಪ್ಪು ಬರೆದುಕೊಂಡಳು. ಸುಣ್ಣ ಕೂಡ. ವಿಶಾಲು ಕೂತಲ್ಲಿಂದಲೇ "ಒಂದು ಕಿಲೋ ಹಾಕು, ಅಡುಗೆಗೂ ಆಗುತ್ತೆ" ಎಂದಳು.

ಪದ್ಮಳದು ಅವೋಮಿನ್ ಮಾತ್ರೆಯೂ ಇತ್ತು. ಸಿಗಂದೂರಿಗೆ ಲಾಂಚಿನಲ್ಲಿ ಹೋಗುವಾಗ ತಲೆ ಸುತ್ತಿದರೆ ಅಂತ. ಗುರು ನಕ್ಕುಬಿಟ್ಟ. "2025ರ ಜುಲೈನಲ್ಲೇ ಸೇತುವೆ ಆಯ್ತು. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ 2.44 ಕಿಲೋಮೀಟರ್. ಬಸ್ಸಲ್ಲೇ ಹೋಗಬಹುದು."

"ಹಾಗಾದರೆ ಬಸ್ಸಲ್ಲೇ ತಲೆ ಸುತ್ತುತ್ತೆ" ಎಂದು ಪದ್ಮ ಮಾತ್ರೆಯ ಇನ್ನೊಂದು ಶೀಟು ಸೇರಿಸಿದಳು. ಚೌಡೇಶ್ವರಿ ದರ್ಶನಕ್ಕೆ ಅಂತ ರೇಷ್ಮೆ ಸೀರೆ, ಅದು ಮುದುಡದ ಹಾಗೆ ಒಂದು ಸೂಟ್‌ಕೇಸ್.

ಇನ್ನು ಅಡುಗೆ ಇಲಾಖೆ. ಇಲ್ಲಿ ಸ್ವಲ್ಪ ನಿಂತು ಹೇಳಬೇಕು, ಯಾಕೆಂದರೆ ಮುಕ್ಕಾಲು ಲಗೇಜು ಇದೇ. ವಿಶಾಲು ಡೈನಿಂಗ್ ಟೇಬಲ್ ತುಂಬಾ ಆಗಲೇ ಜೋಡಿಸಿಟ್ಟಿದ್ದಳು. ಚಟ್ನಿಪುಡಿ ಎರಡು ಬಗೆ, ಶೇಂಗಾದ್ದು ಬೇರೆ, ಕಡಲೆಬೇಳೆದು ಬೇರೆ. ಪುಳಿಯೋಗರೆ ಗೊಜ್ಜು. ಗೊಜ್ಜವಲಕ್ಕಿಗೆ ಅವಲಕ್ಕಿ. ಕೋಡುಬಳೆ, ಚಕ್ಕುಲಿ, ಬಾಳಕದ ಮೆಣಸಿನಕಾಯಿ. ಕಾಫಿ ಫಿಲ್ಟರ್, ಪುಡಿ, ಮತ್ತೆ ಬಾಟಲಿಯಲ್ಲಿ ಡಿಕಾಕ್ಷನ್. ಫಿಲ್ಟರ್ ಇದ್ದಮೇಲೆ ಡಿಕಾಕ್ಷನ್ ಯಾಕೆ ಎಂದು ಕೇಳಿದೆ. ಫಿಲ್ಟರಿನಲ್ಲಿ ಇಳಿಯುವ ತನಕ ಕುಡಿಯೋಕೆ ಅಂದಳು. ನನಗೆ ಸರಿ ಅನ್ನಿಸಿತು.

ಗುರು ಉಪ್ಪಿನಕಾಯಿ ಭರಣಿ ನೋಡಿದ್ದೇ ಎದೆ ಹಿಡಿದುಕೊಂಡ. "ಇದೇನು?"

"ಮಾವಿನಕಾಯಿದು. ಅಂಗಡಿದು, ಚೆನ್ನಾಗಿದೆ."

"ಸಾಗರಕ್ಕೆ! ಉಪ್ಪಿನಕಾಯಿ! ಅಪ್ಪೆಮಿಡಿ ಸಿಗೋ ಊರಿಗೆ ಅಂಗಡಿ ಭರಣಿ! ನಮ್ಮತ್ತಿಗೆ ನೋಡಿದರೆ ನನ್ನ ಒಳಗೆ ಸೇರಿಸಲ್ಲ."

ಇದಕ್ಕೆ ಮಾತ್ರ ವಿಶಾಲು ಸೋತಳು. ಭರಣಿ ಖಾಲಿ ಮಾಡಿಟ್ಟಳು. ಖಾಲಿ ಭರಣಿ ಪ್ಯಾಕ್ ಆಯಿತು, ಬರುವಾಗ ಮಿಡಿ ಉಪ್ಪಿನಕಾಯಿ ತುಂಬಿಸಿಕೊಂಡು ಬರಲು. ತೊಡೆದೇವಿಗೆ ಒಂದು ಅಗಲದ ಡಬ್ಬ ಬೇರೆ. ತುರಿಮಣೆಯನ್ನೂ ತರಲು ಎದ್ದಳು. "ಮಲೆನಾಡಲ್ಲಿ ತುರಿಮಣೆ ಇಲ್ಲದ ಮನೆ ಇದೆಯಾ?" ಎಂದು ಗುರು ಅಡ್ಡ ನಿಂತ. ಹೇಗೋ ತಡೆದ.

ಮಂಜ ತನ್ನದು ಒಂದೇ ಬ್ಯಾಗು ಎಂದು ಜಂಬ ಕೊಚ್ಚುತ್ತಿದ್ದ. ಅದರಲ್ಲಿ ಎರಡು ಪವರ್ ಬ್ಯಾಂಕ್, ವೈರುಗಳ ಗಂಟು. ಮೊಬೈಲಿಗೆ ನೀರು ಹೋಗದಂತೆ ಆನ್‌ಲೈನಿನಲ್ಲಿ ಒಂದು ಚೀಲವನ್ನೂ ತರಿಸಿದ್ದ. ವಿಶಾಲು ಅದನ್ನು ಎತ್ತಿ ಹಿಡಿದು ಬೆಲೆ ಕೇಳಿದಳು. ಆಮೇಲೆ ಒಳಗೆ ಹೋಗಿ, ತೊಳೆದು ಒಣಗಿಸಿ ಮಡಿಚಿಟ್ಟಿದ್ದ ಹಾಲಿನ ಕವರುಗಳ ಕಟ್ಟು ತಂದು ಅವನ ಮುಂದಿಟ್ಟಳು. ಮನೆಯಲ್ಲಿ ಅದು ಎಷ್ಟಿತ್ತೆಂದರೆ ಅಲ್ಲಿನ ತೆಪ್ಪವನ್ನೇ ಸುತ್ತಬಹುದಿತ್ತು.

ನಗು ನಿಂತಮೇಲೆ ಗುರು ತನ್ನ ಅಜ್ಜಿಯ ಸುದ್ದಿ ತೆಗೆದ. "ಆ ನೀರಿನ ಕೆಳಗೆ ಊರುಗಳಿದ್ದವು ಗೊತ್ತಲ್ವಾ? ನಮ್ಮಜ್ಜಿ ತವರು ಅಲ್ಲೇ. ಮುಳುಗಡೆ ಆಗುತ್ತೆ ಅಂದಾಗ ಹಂಚು ಇಳಿಸಿ, ಬಾಗಿಲು ದಾರಂದ ಕಿತ್ತು ಗಾಡಿಗೆ ಹೇರಿದ್ದರು. ದನಗಳನ್ನು ಹೊಡೆದುಕೊಂಡು ಹೋದರು. ಅಡಿಕೆ ಮರ ಹೇಗೆ ಕಟ್ಟೋದು? ಅದನ್ನ ಬಿಟ್ಟರು." ಆಗ ಎದ್ದು ಹೋದವರಲ್ಲಿ ಎಷ್ಟೋ ಮನೆಯವರಿಗೆ ಕೊಟ್ಟ ಜಾಗದ ಹಕ್ಕುಪತ್ರದ ಜಗಳ ಇವತ್ತಿಗೂ ಮುಗಿದಿಲ್ಲ. ನಮ್ಮನೆ ಕರೆಂಟು ಬಂದದ್ದು ಅವರ ಗದ್ದೆ ಮೇಲಿಂದ. ಸ್ವಲ್ಪ ಹೊತ್ತು ಯಾರೂ ಚಕ್ಕುಲಿ ಮುರಿಯಲಿಲ್ಲ.

"ನಿಮ್ಮಜ್ಜಿ ಒರಳು ತಂದರಾ?" ಎಂದು ಕೇಳಿದಳು ವಿಶಾಲು.

"ತಂದರು. ಈಗಲೂ ಅಂಗಳದಲ್ಲಿದೆ."

"ನೋಡಿ ಮತ್ತೆ" ಎಂದು ವಿಶಾಲು ಎಲ್ಲರ ಮುಖ ನೋಡಿದಳು.

ಗುರುವಿನ ಹತ್ತಿರ ಕೊನೆಯ ಅಸ್ತ್ರವೊಂದಿತ್ತು. ಹೋಗುವುದು ರೈಲಿನಲ್ಲಿ. ರಾತ್ರಿ ಬೆಂಗಳೂರಲ್ಲಿ ಹತ್ತಿದರೆ ಬೆಳಿಗ್ಗೆ ತಾಳಗುಪ್ಪ. ಅಲ್ಲಿಗೆ ಹಳಿಯೇ ಮುಗಿಯುವುದರಿಂದ ನಿದ್ದೆ ಹೋದರೂ ಊರು ತಪ್ಪುವ ಭಯವಿಲ್ಲ. "ಸ್ಲೀಪರಲ್ಲಿ ಒಬ್ಬರಿಗೆ 40 ಕಿಲೋ ಮಾತ್ರ. ಮೇಲಾದರೆ ದುಡ್ಡು ಕಟ್ಟಬೇಕು, ದಂಡ ಬೇರೆ" ಎಂದು ಗದರಿಸಿದ.

ಮನೆಯಲ್ಲಿ ನಿಶ್ಶಬ್ದ. ರಾಯರು ಪೆನ್ನು ತೆಗೆದು ಲೆಕ್ಕ ಹಾಕಿದರು. "ಆರು ಜನ. 240 ಕಿಲೋ. ಇಲ್ಲಿರೋದು ಎಲ್ಲಾ ಸೇರಿ ನೂರು ದಾಟಲ್ಲ."

"ಅಂದರೆ ಇನ್ನೂ 140 ಕಿಲೋ ನಮ್ಮದೇ!" ಎಂದಳು ವಿಶಾಲು. "ಟಿಕೆಟ್ ದುಡ್ಡು ಕೊಟ್ಟು ಸುಮ್ನೆ ಬಿಟ್ಟು ಬರೋದಾ?"

ಗುರು ಬಾಯಿ ತೆರೆಯುವಷ್ಟರಲ್ಲಿ ತುರಿಮಣೆ ಚೀಲದೊಳಗಿತ್ತು. ಟ್ಯೂಬಿಗೆ ಗಾಳಿ ಹೊಡೆಯೋಕೆ ಪಂಪು ಬೇಕಲ್ವಾ ಎಂದು ರಾಯರು ಹೊಸ ಹಾಳೆ ತಿರುವಿದರು.