‘ಡ್ರಗ್ ರೆಸಿಸ್ಟೆನ್ಸ್’ಗೆ ಜನರಿಗೆ ತಿಳಿಯುವ ಮಾತು ಯಾವುದು?

ಗೆಳೆಯರೇ, ನಮಸ್ಕಾರ.

ಶ್ವಾಸಕೋಶದ ಕ್ಯಾನ್ಸರ್ ಇರುವವರ ಮನೆಯವರಿಗೆ ಕೊಡಲು ದಾವಣಗೆರೆಯಲ್ಲಿ ನಾವು ಕೆಲವರು ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇವೆ. ‘ಡ್ರಗ್ ರೆಸಿಸ್ಟೆನ್ಸ್’ (ಮೊದಲು ಕೆಲಸ ಮಾಡುತ್ತಿದ್ದ ಔಷಧಿ ಆಮೇಲೆ ಗಡ್ಡೆಯ ಮೇಲೆ ಕೆಲಸ ಮಾಡದಿರುವುದು) ಹತ್ತಿರ ಬಂದು ಕೆಲಸ ನಿಂತಿದೆ.

ಪುಸ್ತಕದ ಪದ ‘ಔಷಧ ನಿರೋಧಕತೆ’. ತೊಂದರೆ ಇರುವುದೇ ಅಲ್ಲಿ. ನಮ್ಮ ಕಡೆ ‘ರೆಸಿಸ್ಟೆನ್ಸ್ ಪವರ್’ ಅಂದರೆ ಒಳ್ಳೆಯದು. ಮಗುವಿಗೆ ಪದೇ ಪದೇ ನೆಗಡಿಯಾದರೆ ‘ರೆಸಿಸ್ಟೆನ್ಸ್ ಪವರ್ ಕಮ್ಮಿ’ ಅನ್ನುತ್ತೇವೆ. ಕೊರೊನಾ ಬಂದ ಮೇಲಂತೂ ‘ರೋಗನಿರೋಧಕ ಶಕ್ತಿ’ ಹೆಸರಲ್ಲಿ ಕಷಾಯ ಕುಡಿಯದವರೇ ಇಲ್ಲ. ಹೀಗಿರುವಾಗ ‘ನಿಮ್ಮ ತಂದೆಯವರಿಗೆ ರೆಸಿಸ್ಟೆನ್ಸ್ ಬಂದಿದೆ’ ಅಂದರೆ ಜಗಳೂರಿನಿಂದ ಬಂದ ಮಗ ಏನಂದುಕೊಳ್ಳಬೇಕು? ‘ಸದ್ಯ, ಶಕ್ತಿ ಬಂತಲ್ಲ’ ಅಂತ ತಾನೇ?

ಜನ ತಾವಾಗಿ ಹೇಳುವುದು ‘ಮಾತ್ರೆ ಮೈಗೆ ಒಗ್ಗಿಹೋಗಿದೆ’ ಅಂತ. ಮಾತು ಚೆನ್ನಾಗಿದೆ, ಆದರೆ ದಾರಿ ತಪ್ಪಿಸುತ್ತದೆ. ಇಲ್ಲಿ ಮೈ ಏನೂ ಮಾಡಿಲ್ಲ, ಬದಲಾಗಿರುವುದು ಗಡ್ಡೆ.

ಈ ಕ್ಯಾನ್ಸರ್‌ಗೆ ಕೊಡುವ ಗೆಫಿಟಿನಿಬ್, ಎರ್ಲೋಟಿನಿಬ್ ಮಾತ್ರೆಗಳನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ಕೆಲವರ ಗಡ್ಡೆಯಲ್ಲಿ ಇಜಿಎಫ್‌ಆರ್ ಎಂಬ ಪ್ರೋಟೀನು ಕೆಟ್ಟು, ‘ಬೆಳಿ, ಬೆಳಿ’ ಎಂದು ಜೀವಕೋಶಕ್ಕೆ ಒಂದೇ ಸಮನೆ ಹೇಳುತ್ತಿರುತ್ತದೆ. ಮಾತ್ರೆ ಹೋಗಿ ಅದರ ಬಾಯಿ ಮುಚ್ಚಿಸುತ್ತದೆ. ಗಡ್ಡೆ ಕುಗ್ಗುತ್ತದೆ, ಕೆಮ್ಮು ಇಳಿಯುತ್ತದೆ. ಒಂದು ವರ್ಷದ ಆಸುಪಾಸಿನಲ್ಲಿ ಎಷ್ಟೋ ಜನರಿಗೆ ಮತ್ತೆ ಬೆಳೆಯಲು ಶುರುವಾಗುತ್ತದೆ. ಅಂಥವರಲ್ಲಿ ಹೆಚ್ಚುಕಡಿಮೆ ಅರ್ಧ ಜನರಲ್ಲಿ ಸಿಗುವುದು ಟಿ790ಎಂ ಎಂಬ ಬದಲಾವಣೆ. 2005ರಲ್ಲಿ ಇದು ಗೊತ್ತಾಯಿತು. ಆ ಪ್ರೋಟೀನಿನ 790ನೇ ಜಾಗದಲ್ಲಿ ಥ್ರಿಯೊನೀನ್ ಎಂಬ ಅಮೈನೋ ಆಮ್ಲದ (ಪ್ರೋಟೀನಿನ ಸರದ ಒಂದು ಮಣಿ ಅನ್ನಿ) ಬದಲು ಮೆಥಿಯೊನೀನ್ ಎಂಬ ಇನ್ನೊಂದು ಬಂದು ಕೂತಿರುತ್ತದೆ, ಅಷ್ಟೇ. ಅಷ್ಟಕ್ಕೇ ಜೀವಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿ ಎಂಬ ಅಣು ಅಲ್ಲಿ ಗಟ್ಟಿಯಾಗಿ ಅಂಟಿಕೊಂಡು ಮಾತ್ರೆಗೆ ಜಾಗ ಬಿಡುವುದಿಲ್ಲ. ಇದಕ್ಕೆಂದೇ ಬಂದ ಒಸಿಮರ್ಟಿನಿಬ್ ಮಾತ್ರೆಗೆ ಅಮೆರಿಕದಲ್ಲಿ 2015ರಲ್ಲಿ ಒಪ್ಪಿಗೆ ಸಿಕ್ಕಿತು. ಅದು 797ನೇ ಜಾಗದ ಸಿಸ್ಟೀನನ್ನು ಕಚ್ಚಿ ಹಿಡಿಯುತ್ತದೆ. ಕೆಲವರಲ್ಲಿ ಆ ಸಿಸ್ಟೀನೇ ಸೆರೀನ್ ಆಗಿಬಿಡುತ್ತದೆ. ಹಿಡಿಯಲು ಏನು ಉಳಿಯಿತು?

ಇಂಥ ಬದಲಾವಣೆ ಇರುವ ಜೀವಕೋಶಗಳು ಕೆಲವೊಮ್ಮೆ ಮೊದಲೇ ಅಲ್ಲೊಂದು ಇಲ್ಲೊಂದು ಇರುತ್ತವೆ, ಕೆಲವೊಮ್ಮೆ ನಡುವೆ ಹುಟ್ಟುತ್ತವೆ. ಮಿಕ್ಕವು ಸತ್ತ ಮೇಲೆ ಇವುಗಳದೇ ರಾಜ್ಯ. ನಮ್ಮ ಹತ್ತಿ ಬೆಳೆಗಾರರಿಗೆ ಇದು ಹೊಸದಲ್ಲ. ‘ಹುಳ ಎಣ್ಣೆಗೆ ಜಗ್ಗಲ್ಲ’ ಅನ್ನುತ್ತಾರೆ. (ಹೊರಗಿನವರಿಗೆ ಒಂದು ಮಾತು: ಇಲ್ಲಿ ಎಣ್ಣೆ ಹೊಡೆಯೋದು ಅಂದರೆ ಹೊಲಕ್ಕೆ ಕೀಟನಾಶಕ ಹೊಡೆಯೋದು. ಸಂಜೆ ಹೊಡೆಯುವ ಎಣ್ಣೆ ಬೇರೆ!) ಈ ಮಾತಿನಲ್ಲಿ ಗಟ್ಟಿಯಾಗಿದ್ದು ಹುಳ ಎಂಬುದು ಸ್ಪಷ್ಟವಾಗಿದೆ, ಗಿಡಕ್ಕೆ ಶಕ್ತಿ ಬಂತು ಅಂತ ಯಾರೂ ತಿಳಿಯುವುದಿಲ್ಲ. ಅದಕ್ಕೇ ‘ಗಡ್ಡೆ ಈ ಮಾತ್ರೆಗೆ ಜಗ್ಗುತ್ತಿಲ್ಲ’ ಅಂತ ಬರೆದಿದ್ದೇನೆ.

ಇನ್ನೊಂದು ಪದವೂ ಕಾಡುತ್ತಿದೆ. ಜೀನ್‌ಗೆ ‘ವಂಶವಾಹಿ’ ಅಂತ ಬರೆದರೆ, ‘ಹಾಗಾದರೆ ಮಕ್ಕಳಿಗೂ ಬರುತ್ತಾ?’ ಅನ್ನುವ ಪ್ರಶ್ನೆ ಮರುಕ್ಷಣವೇ ಬರುತ್ತದೆ. ಟಿ790ಎಂ ಹುಟ್ಟಿನಿಂದಲೇ ಇರುವ ಮನೆತನಗಳೂ ಉಂಟು, ಆದರೆ ತೀರಾ ಅಪರೂಪ. ಮಾತ್ರೆ ನುಂಗುವಾಗ ಕಾಣಿಸಿಕೊಳ್ಳುವ ಬದಲಾವಣೆ ಸಾಮಾನ್ಯವಾಗಿ ಗಡ್ಡೆಯೊಳಗೆ ಮಾತ್ರ ಇರುವಂಥದ್ದು. ಸುಮ್ನೆ ‘ಜೀನ್’ ಅಂತಲೇ ಬಿಟ್ಟಿದ್ದೇನೆ. ಮ್ಯುಟೇಶನ್‌ಗೆ ಇದ್ದ ‘ಉತ್ಪರಿವರ್ತನೆ’ಯನ್ನೂ ತೆಗೆದು ‘ಬದಲಾವಣೆ’ ಮಾಡಿದೆ. ಅದರ ಬಗ್ಗೆ ಜಗಳ ಬೇಡ.

ನನ್ನ ಪ್ರಶ್ನೆ ‘ಜಗ್ಗು’ ಬಗ್ಗೆ. ಹಗ್ಗ ಜಗ್ಗುವಾಗ ಎಳೆಯುವುದು, ‘ಯಾರಿಗೂ ಜಗ್ಗಲ್ಲ’ ಅನ್ನುವಾಗ ಬಗ್ಗುವುದು: ಎರಡೂ ನಮ್ಮಲ್ಲಿ ಬಳಕೆಯಲ್ಲಿವೆ. ಮಂಗಳೂರು, ಮೈಸೂರು ಕಡೆ ಈ ಎರಡನೇ ಅರ್ಥ ಓದಿದ ಕೂಡಲೇ ಹೊಳೆಯುತ್ತದಾ? ಇಲ್ಲವಾದರೆ ‘ಬಗ್ಗುತ್ತಿಲ್ಲ’ ಸಾಕಾ? ತಲೆಬರಹಕ್ಕೆ ಒಂದು ನಾಮಪದವೂ ಬೇಕು. ‘ಜಗ್ಗದಿರುವಿಕೆ’ ಅಂತ ಮಾತ್ರ ದಯವಿಟ್ಟು ಹೇಳಬೇಡಿ.