ಸಹಾಯ ಬೇಕು: ರವಿವರ್ಮನ ನಂತರದ ಕಲೆಯನ್ನು ಅರಿಯಲು ಯಾವ ಕನ್ನಡ ಪುಸ್ತಕ ಓದಲಿ?

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನವಳು, ಕಲೆಯನ್ನು ಕ್ರಮವಾಗಿ ಓದಿದವಳಲ್ಲ. ಊರಿನಿಂದ ಬಂದ ನೆಂಟರನ್ನು ಜಗನ್ಮೋಹನ ಅರಮನೆಗೆ ಕರೆದುಕೊಂಡು ಹೋದಾಗ ದೀಪ ಹಿಡಿದ ಹೆಣ್ಣಿನ ಚಿತ್ರದ ಮುಂದೆ ನಿಂತವಳಿಗೆ ಕಾಲು ಕೀಳಲು ಮನಸ್ಸಾಗಲಿಲ್ಲ. ಜ್ವಾಲೆಗೆ ಮರೆಯಾಗಿ ಹಿಡಿದ ಅಂಗೈ, ಬೆರಳ ಸಂದಿನಲ್ಲಿ ಕೆಂಪಗೆ ಸೋರುವ ಬೆಳಕು! ಅದು ರವಿವರ್ಮನದೆಂದೇ ಇಷ್ಟು ವರ್ಷ ನಂಬಿದ್ದೆ. ಎಸ್.ಎಲ್. ಹಲ್ದಣಕರ್ ಅವರ ಜಲವರ್ಣವೆಂದು ತಿಳಿದ ದಿನದಿಂದ ಓದುವ ಹುಚ್ಚು ಹತ್ತಿದೆ.

ಗ್ರಂಥಾಲಯದಿಂದ ಎರಡು ಇಂಗ್ಲಿಷ್ ಪುಸ್ತಕ ತಂದೆ. ರವಿವರ್ಮ, ನಮ್ಮ ನಾಡಿನವರೇ ಆದ ಚಿತ್ರಕಾರರು ಕೆ. ವೆಂಕಟಪ್ಪ, ಕೆ.ಕೆ. ಹೆಬ್ಬಾರ್ ಇವರವರೆಗೆ ಹೇಗೋ ಸಾಗಿದೆ. ಆಮೇಲೆ ಇಂದಿನ ಕಲಾವಿದೆ ಪುಷ್ಪಮಾಲಾ ಎನ್. ಅವರ ಛಾಯಾಚಿತ್ರ ಸಿಕ್ಕಿತು. ರವಿವರ್ಮನ ಬೆಳದಿಂಗಳ ಹೆಣ್ಣಿನಂತೆ ಅವರೇ ವೇಷ ತೊಟ್ಟು ಕುಳಿತಿದ್ದಾರೆ. ನನಗೆ ಕಗ್ಗಂಟಾಗಿರುವುದು ಇಲ್ಲೇ. ಅದು ಮೂಲ ಚಿತ್ರಕ್ಕೆ ಸಲ್ಲಿಸಿದ ಗೌರವವೋ, ಅದನ್ನು ಕೇಳಿದ ಪ್ರಶ್ನೆಯೋ? ಕುಂಚವೇ ಇಲ್ಲದಾಗ ನಾನು ಏನನ್ನು ನೋಡಬೇಕು? ಬೆಳಕನ್ನೋ, ವೇಷವನ್ನೋ, ಹಿಂದಿನ ಪರದೆಯನ್ನೋ? ಪುಸ್ತಕದ ಆ ಅಧ್ಯಾಯವನ್ನು ಮೂರು ಸಲ ಓದಿದೆ. ಪರಿಭಾಷೆಯ ಭಾರದಲ್ಲಿ ಚಿತ್ರವೇ ಮರೆಯಾಯಿತು. ಅಂತರ್ಜಾಲದ ಉಪನ್ಯಾಸಗಳನ್ನೂ ಕೇಳಿದೆ, ಅವು ಬಲ್ಲವರಿಗಾಗಿ ಮಾಡಿದವು.

ಬಲ್ಲವರು ದಯವಿಟ್ಟು ತಿಳಿಸಿ: ರವಿವರ್ಮನಿಂದ ಇಂದಿನ ಛಾಯಾಚಿತ್ರ ಕಲೆಯವರೆಗಿನ ದಾರಿಯನ್ನು ಚಿತ್ರಗಳ ಸಮೇತ, ಹೊಸಬರಿಗೆ ಅರ್ಥವಾಗುವಂತೆ ಹೇಳುವ ಕನ್ನಡ ಪುಸ್ತಕ ಯಾವುದು? ಮೈಸೂರಿನಲ್ಲಿ ಅದು ಎಲ್ಲಿ ಸಿಗುತ್ತದೆ?